ಮಯಾಮಿಯ ಬಾಡಿಗೆ ಯಾಟ್: ಸಹಿ ಹಾಕಿದ ಮೇಲೆ ನೀವು ಪ್ರಯಾಣಿಕರಾ, ಮಾಲೀಕರಾ?

ಡಿಸೆಂಬರ್ ರಜೆ ಬಂತೆಂದರೆ ಅಮೆರಿಕದ ಚಳಿ ಊರುಗಳಲ್ಲಿರುವ ನಮ್ಮವರು ಫ್ಲಾರಿಡಾ ಕಡೆ ಹೊರಡುತ್ತಾರೆ. ಷಿಕಾಗೊದಲ್ಲಿ ಹಿಮ ಬೀಳುವಾಗ ಮಯಾಮಿಯಲ್ಲಿ ಬರೀ ಶರ್ಟ್ ಹಾಕಿಕೊಂಡು ಓಡಾಡಬಹುದು. ಮೂರು ಕುಟುಂಬ ಸೇರಿದರೆ ಹತ್ತು ಹನ್ನೆರಡು ಜನ ಆಗುತ್ತಾರೆ. ಊರಿಂದ ಬಂದ ಅಪ್ಪ ಅಮ್ಮನೂ ಜೊತೆಗಿರುತ್ತಾರೆ. ಒಂದು ದಿನ ಬೋಟ್ ಬಾಡಿಗೆಗೆ ತಗೊಳ್ಳೋಣ ಎಂದು ಯಾರೋ ಹೇಳುತ್ತಾರೆ. ಫೋನಿನಲ್ಲಿ ಹುಡುಕಿದರೆ ಬಿಳಿ ಯಾಟ್‌ಗಳ ಸಾಲು. ನಾಲ್ಕು ಗಂಟೆಯ ಸುತ್ತಾಟ, ಹನ್ನೆರಡು ಜನಕ್ಕೆ ಜಾಗ, ಕ್ಯಾಪ್ಟನ್ ಸಮೇತ, ಮಧ್ಯದಲ್ಲಿ ನೀರಿಗಿಳಿದು ಈಜಲು ಒಂದು ಕಡೆ ನಿಲುಗಡೆ. ದುಡ್ಡು ಕಳಿಸಿದ ಮೇಲೆ ಸಹಿ ಹಾಕಲು ಲಿಂಕ್ ಬರುತ್ತದೆ. ಓದದೆ ಸಹಿ ಹಾಕುತ್ತೇವೆ. ಎಲ್ಲರೂ ಹಾಗೇ ಮಾಡುವುದು.

ಆ ಲಿಂಕಿನೊಳಗೆ ಏನಿದೆ ಅನ್ನುವುದರ ಮೇಲೆ ಬಹಳಷ್ಟು ನಿಂತಿದೆ. ಬುಕ್ ಮಾಡುವವರು ಫೋಟೊ, ಬೆಲೆ, ಸ್ಟಾರ್ ನೋಡುತ್ತಾರೆ. ಅಮೆರಿಕದ ಕಾನೂನು ಎರಡನ್ನು ನೋಡುತ್ತದೆ: ದೋಣಿಯಲ್ಲಿ ಎಷ್ಟು ತಲೆ ಇವೆ, ಮತ್ತು ಕ್ಯಾಪ್ಟನ್ ಯಾರ ಮನುಷ್ಯ. ಈ ಎರಡು ಪ್ರಶ್ನೆಗಳ ಸುತ್ತ ದಕ್ಷಿಣ ಫ್ಲಾರಿಡಾದಲ್ಲಿ ಅಕ್ರಮ ಚಾರ್ಟರ್‌ಗಳ, ಎಂದರೆ ನಿಯಮ ಮೀರಿದ ಬಾಡಿಗೆ ದೋಣಿಗಳ, ದೊಡ್ಡ ವ್ಯವಹಾರ ಬೆಳೆದಿದೆ. ಕೋಸ್ಟ್ ಗಾರ್ಡ್ ವರ್ಷಗಳಿಂದ ಅದರ ಬೆನ್ನು ಹತ್ತಿದೆ. ಆ ವ್ಯವಹಾರ ಮಾತ್ರ ನಿಂತಿಲ್ಲ.

ಮೊದಲು ತಲೆ ಲೆಕ್ಕ. ಒಬ್ಬ ಪ್ರಯಾಣಿಕ ದುಡ್ಡು ಕೊಟ್ಟು ಹತ್ತಿದರೂ ಸಾಕು, ದೋಣಿ ನಡೆಸುವವನ ಹತ್ತಿರ ಕೋಸ್ಟ್ ಗಾರ್ಡ್ ಲೈಸನ್ಸ್ ಇರಬೇಕು. ಇದರಲ್ಲಿ ಕೆಳಗಿನ ಮಟ್ಟದ್ದನ್ನು ಅಲ್ಲಿನವರು ‘ಸಿಕ್ಸ್ ಪ್ಯಾಕ್’ ಎನ್ನುತ್ತಾರೆ. ಅದು ಸಿಗಬೇಕಾದರೂ 360 ದಿನ ನೀರಿನ ಮೇಲೆ ಕೆಲಸ ಮಾಡಿದ ಅನುಭವ ತೋರಿಸಬೇಕು, ಪರೀಕ್ಷೆ ಬರೆಯಬೇಕು, ಮಾದಕವಸ್ತು ತಪಾಸಣೆಗೆ ಒಳಗಾಗಬೇಕು. ಈ ಲೈಸನ್ಸ್ ಇರುವ ಕ್ಯಾಪ್ಟನ್ ಸಾಮಾನ್ಯ ಬೋಟಿನಲ್ಲಿ ಆರು ಪ್ರಯಾಣಿಕರನ್ನು ಕರೆದುಕೊಂಡು ಹೋಗಬಹುದು. ಏಳನೆಯವರು ಹತ್ತಿದ ಕೂಡಲೇ ನಿಯಮವೇ ಬದಲಾಗುತ್ತದೆ. ಆಗ ಕ್ಯಾಪ್ಟನ್ನನ ಲೈಸನ್ಸ್ ಒಂದೇ ಸಾಲದು. ದೋಣಿಯನ್ನೇ ಕೋಸ್ಟ್ ಗಾರ್ಡ್ ಪರೀಕ್ಷಿಸಿ ಸರ್ಟಿಫಿಕೇಟ್ ಕೊಟ್ಟಿರಬೇಕು. ಅಷ್ಟು ಜನ ಒಂದೇ ಬದಿಗೆ ಬಂದು ನಿಂತರೆ ದೋಣಿ ಮಗುಚುತ್ತದಾ, ಬೆಂಕಿ ಹತ್ತಿದರೆ ಆರಿಸಲು ಏನಿದೆ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯಾ ಎಂದು ನೋಡುತ್ತಾರೆ. ಸರ್ಟಿಫಿಕೇಟ್ ಐದು ವರ್ಷಕ್ಕೆ ಕೊಟ್ಟರೂ ಪ್ರತಿ ವರ್ಷ ಮತ್ತೆ ಬಂದು ಪರೀಕ್ಷೆ ಮಾಡುತ್ತಾರೆ.

ಈ ಆರು ಅನ್ನುವ ಗೆರೆ ಸಾವುಗಳಿಂದ ಬಂದದ್ದು. 1951ರ ಸೆಪ್ಟೆಂಬರ್ 1ರಂದು ನ್ಯೂಯಾರ್ಕ್ ರಾಜ್ಯದ ಮೊಂಟಾಕ್ ಹತ್ತಿರ ‘ಪೆಲಿಕನ್’ ಎಂಬ ದೋಣಿ ಮಗುಚಿತು. ಮೀನು ಹಿಡಿಯುವ ಖುಷಿಗೆ ಹೊರಟ ಜನ ಅದರಲ್ಲಿದ್ದರು. ಅದು ತಡೆಯಬಲ್ಲದ್ದಕ್ಕಿಂತ ತುಂಬಾ ಜಾಸ್ತಿ, 60ಕ್ಕೂ ಹೆಚ್ಚು ಜನ. 45 ಮಂದಿ ಸತ್ತರು. ಆಗ ಇಂಥ ದೋಣಿಯಲ್ಲಿ ಎಷ್ಟು ಜನ ಹತ್ತಬೇಕೆಂದು ಹೇಳುವವರೇ ಇರಲಿಲ್ಲ. ಐದು ವರ್ಷದ ನಂತರ, 1956ರಲ್ಲಿ, ಆರಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ದೋಣಿಗಳಿಗೆ ತಪಾಸಣೆ ಕಡ್ಡಾಯವಾಯಿತು. ಮಯಾಮಿಯಲ್ಲಿ ಯಾರಾದರೂ ‘ಹತ್ತು ಜನ ಆದ್ರೂ ಪರವಾಗಿಲ್ಲ, ನಮ್ಮದು ದೊಡ್ಡ ಯಾಟ್’ ಎಂದರೆ ನನಗೆ ಆ 45 ಜನ ನೆನಪಾಗುತ್ತಾರೆ.

ಇನ್ನು ಎರಡನೆಯ ಪ್ರಶ್ನೆ. ಕ್ಯಾಪ್ಟನ್ ಯಾರ ಮನುಷ್ಯ?

ಕಾನೂನಿನಲ್ಲಿ ‘ಬೇರ್‌ಬೋಟ್ ಚಾರ್ಟರ್’ ಎಂಬ ವ್ಯವಸ್ಥೆ ಇದೆ. ಮಾಲೀಕ ಬರೀ ದೋಣಿಯನ್ನಷ್ಟೇ ಬಾಡಿಗೆಗೆ ಕೊಡುತ್ತಾನೆ. ಕ್ಯಾಪ್ಟನ್ನನ್ನು ಆರಿಸಿಕೊಳ್ಳುವುದು, ಅವನಿಗೆ ಸಂಬಳ ಕೊಡುವುದು, ಡೀಸೆಲ್ ಹಾಕಿಸುವುದು, ಊಟ ತಿಂಡಿ, ಬಂದರಿನ ಶುಲ್ಕ, ಎಲ್ಲ ಬಾಡಿಗೆಗೆ ತೆಗೆದುಕೊಂಡವರದ್ದು. ಕ್ಯಾಪ್ಟನ್ ಸರಿಯಿಲ್ಲ ಅನ್ನಿಸಿದರೆ ಮಾಲೀಕನನ್ನು ಕೇಳದೆಯೇ ಅವನನ್ನು ತೆಗೆದುಹಾಕುವ ಹಕ್ಕೂ ಅವರಿಗಿರಬೇಕು. ಡ್ರೈವರ್ ಇರುವ ಟ್ಯಾಕ್ಸಿಗೂ ಸೆಲ್ಫ್ ಡ್ರೈವ್ ಕಾರಿಗೂ ಇರುವ ವ್ಯತ್ಯಾಸ ಇದು. ಹೀಗೆ ಪಡೆದ ದೋಣಿಯಲ್ಲಿ ಬಾಡಿಗೆದಾರರ ಜೊತೆ 12 ಪ್ರಯಾಣಿಕರು ಹೋಗಬಹುದು. ಕೋಸ್ಟ್ ಗಾರ್ಡ್ ಸರ್ಟಿಫಿಕೇಟ್ ಬೇಕಿಲ್ಲ. ಆದರೆ ಆ 12 ಜನರಲ್ಲಿ ಯಾರೂ ಟಿಕೆಟ್ ದುಡ್ಡು ಕೊಟ್ಟಿರಬಾರದು.

ಇದನ್ನು ಮಾಡಿದ್ದು ಕೆಟ್ಟ ಉದ್ದೇಶದಿಂದ ಅಲ್ಲ. ದೋಣಿ ನಡೆಸಲು ಗೊತ್ತಿರುವವರು ಒಂದು ವಾರ ದೋಣಿ ಬಾಡಿಗೆಗೆ ಪಡೆದು ಮನೆಯವರ ಜೊತೆ ಸುತ್ತಾಡುವುದು ಹಳೆಯ ಪದ್ಧತಿ. ಆದರೆ ಇದೇ ಹೆಸರಿನಲ್ಲಿ ದೊಡ್ಡ ದೊಡ್ಡ ಯಾಟ್‌ಗಳು ತಪಾಸಣೆ ಇಲ್ಲದೆ ತುಂಬಾ ಜನರನ್ನು ಒಯ್ಯತೊಡಗಿದವು. 1993ರಲ್ಲಿ ಸಂಸತ್ತು ಕಾನೂನು ಮಾಡಿ ಇಂಥ ಬಾಡಿಗೆಗೆ 12ರ ಮಿತಿ ಹಾಕಿತು. ಒಂದು ಕಿಂಡಿ ಮುಚ್ಚಿತು. ಆ ಹನ್ನೆರಡೇ ಈಗ ಮಯಾಮಿಯ ವ್ಯಾಪಾರದ ಲೆಕ್ಕವಾಗಿದೆ. ಜಾಹೀರಾತುಗಳಲ್ಲಿ ಪದೇ ಪದೇ ಹನ್ನೆರಡು ಜನ ಎಂದು ಕಾಣುವುದು ಅದಕ್ಕೇ.

ನಿಜವಾದ ಬೇರ್‌ಬೋಟ್ ಆಗಿದ್ದರೆ ತಕರಾರಿಲ್ಲ. ತೊಂದರೆ ಇರುವುದು ನಾಟಕದಲ್ಲಿ. ಜಾಹೀರಾತಿನಲ್ಲೇ ಕ್ಯಾಪ್ಟನ್ ಇದ್ದಾನೆ. ಅವನಿಗೆ ದುಡ್ಡು ಕೊಡುವವನು ಮಾಲೀಕ. ನೀವು ಅವನ ಮುಖ ನೋಡುವುದೇ ದೋಣಿ ಹತ್ತುವಾಗ. ಕಾಗದದಲ್ಲಿ ಮಾತ್ರ ಕ್ಯಾಪ್ಟನ್ನನ್ನು ನಾನೇ ಆರಿಸಿದ್ದೇನೆ, ನಾನೇ ನೇಮಿಸಿದ್ದೇನೆ ಎಂದು ನಿಮ್ಮ ಸಹಿ. ಕೆಲವು ಕಡೆ ಎರಡು ಒಪ್ಪಂದ ಕಳಿಸುತ್ತಾರೆ, ದೋಣಿಗೆ ಒಂದು, ಕ್ಯಾಪ್ಟನ್ನನಿಗೆ ಒಂದು. ಆರಿಸಿಕೊಳ್ಳಲು ಕೊಡುವ ಪಟ್ಟಿಯಲ್ಲಿ ಒಂದೇ ಹೆಸರು. ಕೋಸ್ಟ್ ಗಾರ್ಡ್‌ನವರು ದೋಣಿ ಹತ್ತಿ ಕೇಳಿದರೆ ‘ನಾವೆಲ್ಲ ಫ್ರೆಂಡ್ಸ್’ ಎಂದು ಹೇಳಿ ಅಂತ ಹೇಳಿಕೊಡುವುದೂ ಉಂಟು. ಹಾಗೆ ಯಾರಾದರೂ ಹೇಳಿಕೊಟ್ಟರೆ ಅಲ್ಲೇ ಇಳಿದುಬಿಡಬೇಕು. ಸುಳ್ಳು ಹೇಳಿ ಎನ್ನುವವನಿಗೆ ತನ್ನ ದೋಣಿ ಅಕ್ರಮ ಎಂದು ಚೆನ್ನಾಗಿ ಗೊತ್ತಿರುತ್ತದೆ.

ನಮ್ಮವರು ಗಮನಿಸಬೇಕಾದ ಇನ್ನೊಂದು ವಿಷಯವಿದೆ. ನಾಲ್ಕು ಗೆಳೆಯರು ಡೀಸೆಲ್ ಮತ್ತು ಊಟದ ಖರ್ಚನ್ನು ಒಪ್ಪಿ ಹಂಚಿಕೊಂಡರೆ ಅದು ಬಾಡಿಗೆ ಪ್ರಯಾಣ ಆಗುವುದಿಲ್ಲ. ಆದರೆ ಗುಂಪಿನ ಉತ್ಸಾಹಿಯೊಬ್ಬರು ವಾಟ್ಸಾಪಿನಲ್ಲಿ ತಲೆಗೆ ಇಷ್ಟು ಡಾಲರ್, ದುಡ್ಡು ಕೊಟ್ಟವರಿಗೆ ಮಾತ್ರ ಜಾಗ ಎಂದು ಹಾಕಿದರೆ ಕಥೆ ಬೇರೆ. ದುಡ್ಡು ಕೊಡುವುದೇ ದೋಣಿ ಹತ್ತುವ ಷರತ್ತಾದರೆ ಹತ್ತಿದವರು ಕಾನೂನಿನ ಕಣ್ಣಲ್ಲಿ ಬಾಡಿಗೆ ಪ್ರಯಾಣಿಕರು. ಆ ಉತ್ಸಾಹಿ ತನಗೇ ಗೊತ್ತಿಲ್ಲದೆ ವ್ಯಾಪಾರಿ ಆಗಿರುತ್ತಾರೆ.

ಏನೂ ಆಗದೆ ವಾಪಸ್ ಬಂದರೆ ಈ ಕಾಗದಗಳ ಬಗ್ಗೆ ಯಾರೂ ಯೋಚಿಸುವುದಿಲ್ಲ. ಅಪಘಾತವಾದ ದಿನ ಅವು ಮೇಲೆದ್ದು ಬರುತ್ತವೆ. ಬೇರ್‌ಬೋಟ್ ಒಪ್ಪಂದ ನಿಜವೇ ಆಗಿದ್ದರೆ, ಅಷ್ಟು ಹೊತ್ತು ದೋಣಿಯ ಮಾಲೀಕರ ಸ್ಥಾನದಲ್ಲಿ ಇರುವವರು ಸಹಿ ಹಾಕಿದವರು. ಕ್ಯಾಪ್ಟನ್ ತಪ್ಪು ಮಾಡಿ ನಿಮ್ಮ ಗೆಳೆಯರ ಮಗುವಿಗೆ ಪೆಟ್ಟಾದರೆ ಆ ಕ್ಯಾಪ್ಟನ್ ‘ನಿಮ್ಮ’ ನೌಕರ. ಒಪ್ಪಂದ ನಾಟಕ ಎಂದು ಸಾಬೀತಾದರೆ ಹೊಣೆ ಮಾಲೀಕನ ಮೇಲೆ ಹೋಗಬಹುದು. ಆದರೆ ಅದನ್ನು ಸಾಬೀತು ಮಾಡಲು ವಕೀಲರು ಬೇಕು, ವರ್ಷಗಳು ಬೇಕು. ಸ್ವಂತ ಬಳಕೆಗೆಂದು ಮಾಡಿಸಿದ ಬೋಟ್ ವಿಮೆ ಸಾಮಾನ್ಯವಾಗಿ ಬಾಡಿಗೆ ಓಡಾಟಕ್ಕೆ ದುಡ್ಡು ಕೊಡುವುದಿಲ್ಲ. ಗಾಯವಾದ ಕುಟುಂಬಕ್ಕೆ ಕೊನೆಗೆ ಸಿಗುವುದು ಯಾರ ಜೇಬಿನಿಂದ ಅನ್ನುವುದೇ ಗೊತ್ತಿರುವುದಿಲ್ಲ.

ಇಂಥ ವ್ಯಾಪಾರ ಏಕೆ ಬೆಳೆಯಿತು ಎಂದರೆ ಲೆಕ್ಕ ಸರಳ. ಕೋಸ್ಟ್ ಗಾರ್ಡ್ ಪರೀಕ್ಷಿಸಿದ ದೋಣಿ ನಡೆಸಲು ಖರ್ಚು ಜಾಸ್ತಿ. ರಿಪೇರಿ, ತಪಾಸಣೆ, ತರಬೇತಾದ ಸಿಬ್ಬಂದಿ, ದೊಡ್ಡ ವಿಮೆ. ಆ ಖರ್ಚೆಲ್ಲ ಬಿಟ್ಟವನು ಅದೇ ಹನ್ನೆರಡು ಜನರನ್ನು ಕಡಿಮೆ ದುಡ್ಡಿಗೆ ಕರೆದೊಯ್ಯುತ್ತಾನೆ. ಆ್ಯಪ್‌ನಲ್ಲಿ ಎರಡೂ ಫೋಟೊ ಪಕ್ಕಪಕ್ಕ ಇರುತ್ತವೆ, ಎರಡೂ ಬೆಳ್ಳಗೆ ಹೊಳೆಯುತ್ತವೆ. ನಾವು ಕಡಿಮೆ ಬೆಲೆಯದ್ದನ್ನು ಒತ್ತುತ್ತೇವೆ. ಹೀಗೆ ನಿಯಮ ಪಾಲಿಸುವವನಿಗೆ ನಷ್ಟ, ಮುರಿಯುವವನಿಗೆ ಲಾಭ. ಅಕ್ರಮ ಚಾರ್ಟರ್‌ಗಳ ಮೇಲೆ ಅತಿ ಹೆಚ್ಚು ಸಿಟ್ಟಿರುವುದು ಲೈಸನ್ಸ್ ಪಡೆದ ಸ್ಥಳೀಯ ಕ್ಯಾಪ್ಟನ್‌ಗಳಿಗೇ. ಅದು ನ್ಯಾಯವಾದ ಸಿಟ್ಟು.

2018ರ ಏಪ್ರಿಲ್ 1ರಂದು ಮಯಾಮಿಯ ಬಿಸ್ಕೇನ್ ಕೊಲ್ಲಿಯಲ್ಲಿ ಆದದ್ದು ಇದಕ್ಕೆಲ್ಲ ತಿರುವು ಕೊಟ್ಟಿತು. 91 ಅಡಿಯ ಬಾಡಿಗೆ ಯಾಟ್ ಒಂದರಿಂದ ಪ್ರಯಾಣಿಕರು ಈಜಲು ನೀರಿಗಿಳಿದಿದ್ದರು. ಅವರು ಇನ್ನೂ ನೀರಿನಲ್ಲಿರುವಾಗಲೇ ಕ್ಯಾಪ್ಟನ್ ಎಂಜಿನ್ ಹಿಂದಕ್ಕೆ ಓಡಿಸಿದ. ಪ್ರೊಪೆಲ್ಲರ್‌ಗೆ ಸಿಕ್ಕಿ ಒಬ್ಬ ಯುವಕ ಸತ್ತ. ಆ ಚಾರ್ಟರ್ ಅಕ್ರಮವಾಗಿತ್ತು. ಹಡಗಿನ ಅಧಿಕಾರಿಯ ನಿರ್ಲಕ್ಷ್ಯದಿಂದ ಸಾವು ಎಂಬ ಫೆಡರಲ್ (ಕೇಂದ್ರ ಸರ್ಕಾರದ ಕಾನೂನಿನ) ಅಪರಾಧವನ್ನು ಕ್ಯಾಪ್ಟನ್ ಒಪ್ಪಿಕೊಂಡ. ಅದರ ನಂತರ ಮಯಾಮಿ ಕೋಸ್ಟ್ ಗಾರ್ಡ್‌ನವರು ಚಾರ್ಟರ್‌ಗಳನ್ನು ನಿಲ್ಲಿಸಿ ಕೇಳುವುದು ಜಾಸ್ತಿಯಾಯಿತು. ಸಿಕ್ಕಿಬಿದ್ದ ದೋಣಿಯನ್ನು ಅಲ್ಲೇ ತಡೆದು ದಡಕ್ಕೆ ಕಳಿಸುತ್ತಾರೆ. ಮತ್ತೆ ಅದೇ ಕೆಲಸ ಮಾಡಬಾರದೆಂದು ಬಂದರಿನ ಅಧಿಕಾರಿ ಆದೇಶ ಕೊಡುತ್ತಾರೆ. ಆದೇಶ ಮೀರಿದರೆ ದಂಡ ಲಕ್ಷ ಡಾಲರ್ ದಾಟಬಹುದು.

ಈ ಸಾವಿನಲ್ಲಿ ಇನ್ನೊಂದು ಅಂಶವಿದೆ. ಬಾಡಿಗೆ ಯಾಟ್‌ಗಳ ಮುಖ್ಯ ಆಕರ್ಷಣೆಯೇ ಈ ಈಜು ನಿಲುಗಡೆ. ಬಿಸ್ಕೇನ್ ಕೊಲ್ಲಿ ಆಳವಿಲ್ಲದ್ದು. ಬಹಳಷ್ಟು ಕಡೆ ಎರಡು ಮೂರು ಮೀಟರ್ ನೀರು, ಮರಳ ದಿಬ್ಬಗಳ ಮೇಲೆ ಸೊಂಟದವರೆಗೆ. ಹಾಲೋವರ್ ದಿಬ್ಬದಂಥ ಜಾಗದಲ್ಲಿ ರಜೆಯ ದಿನ ನೂರಾರು ದೋಣಿಗಳು ಒತ್ತಾಗಿ ನಿಲ್ಲುತ್ತವೆ. ಜನ ಒಂದರಿಂದ ಒಂದಕ್ಕೆ ನಡೆದುಕೊಂಡೇ ಹೋಗುತ್ತಾರೆ. ಸಂಗೀತದ ಸದ್ದಿನಲ್ಲಿ ಎಂಜಿನ್ ಶುರುವಾದದ್ದು ಕೇಳುವುದಿಲ್ಲ. ಹಾಲೋವರ್ ಅಳಿವೆಯಲ್ಲಂತೂ ಇಳಿತದ ನೀರು ಸಮುದ್ರಕ್ಕೆ ನುಗ್ಗುವಾಗ ಎದುರಿಂದ ಪೂರ್ವದ ಗಾಳಿ ಬೀಸಿದರೆ ಅಲೆಗಳು ಗೋಡೆ ಕಟ್ಟಿದಂತೆ ಏಳುತ್ತವೆ. ಅಳಿವೆ ಬಾಗಿಲು ದಾಟುವುದು ಎಂಥ ಕೆಲಸ ಎಂದು ಮಲ್ಪೆ, ಗಂಗೊಳ್ಳಿಯ ಮೀನುಗಾರರಿಗೆ ಹೇಳಿಕೊಡಬೇಕಿಲ್ಲ. ಆ ನೀರನ್ನು ಓದುವುದು ಅನುಭವದ ಕೆಲಸ. 360 ದಿನದ ಷರತ್ತು ಅದಕ್ಕೇ ಇದೆ. ನೀರಿನ ದಾರಿ ಗೊತ್ತಿಲ್ಲದವರು ಆಳವಿಲ್ಲದ ಕಡೆ ದೋಣಿ ಓಡಿಸಿದರೆ ತಳದ ಸಮುದ್ರಹುಲ್ಲು ಕಿತ್ತುಹೋಗುತ್ತದೆ. ಮೀನುಮರಿಗಳು ಬೆಳೆಯುವುದೂ ಮ್ಯಾನಟಿ ಎಂಬ ದೊಡ್ಡ ನೀರುಪ್ರಾಣಿಗಳು ಮೇಯುವುದೂ ಆ ಹುಲ್ಲಿನಲ್ಲೇ. ಪ್ರೊಪೆಲ್ಲರ್ ಗೀರಿದ ಜಾಗದಲ್ಲಿ ಅದು ಮತ್ತೆ ಬೆಳೆಯಲು ವರ್ಷಗಳು ಹಿಡಿಯುತ್ತವೆ.

ಯಾಟ್ ಬಿಟ್ಟು ಸಣ್ಣ ಆಟಗಳಿಗೆ ಬಂದರೆ ಪ್ಯಾರಾಸೇಲಿಂಗ್, ಅಂದರೆ ಓಡುವ ದೋಣಿಗೆ ಹಗ್ಗದಿಂದ ಕಟ್ಟಿದ ಪ್ಯಾರಾಚೂಟಿನಲ್ಲಿ ಮೇಲೇರುವ ಆಟದ ಬಗ್ಗೆ ಹೇಳಲೇಬೇಕು. 2022ರ ಮೇ 30ರಂದು ಫ್ಲಾರಿಡಾ ಕೀಸ್‌ನ ಮ್ಯಾರಥಾನ್ ಎಂಬ ಊರಿನ ಹತ್ತಿರ ಇಲಿನಾಯ್‌ನಿಂದ ಬಂದಿದ್ದ ಭಾರತ ಮೂಲದ ತಾಯಿಯೊಬ್ಬರು, ತಮ್ಮ ಮಗ ಮತ್ತು ಇನ್ನೊಬ್ಬ ಹುಡುಗನ ಜೊತೆ ಮೇಲೇರಿದ್ದರು. ಇದ್ದಕ್ಕಿದ್ದಂತೆ ಗಾಳಿ ಜೋರಾಯಿತು. ದೋಣಿಯನ್ನೇ ಎಳೆಯತೊಡಗಿದ ಪ್ಯಾರಾಚೂಟಿನ ಹಗ್ಗವನ್ನು ಕ್ಯಾಪ್ಟನ್ ಕತ್ತರಿಸಿದ. ಮೂವರೂ ನೀರಿಗೆ ಬಿದ್ದು, ಗಾಳಿ ತುಂಬಿದ ಪ್ಯಾರಾಚೂಟ್ ಅವರನ್ನು ಎಳೆದುಕೊಂಡು ಹೋಗಿ ಹಳೆಯ ಸೆವೆನ್ ಮೈಲ್ ಸೇತುವೆಗೆ ಬಡಿಯಿತು. ತಾಯಿ ಉಳಿಯಲಿಲ್ಲ. ಹತ್ತಿರದಲ್ಲಿದ್ದ ಇನ್ನೊಂದು ದೋಣಿಯವರು ಧಾವಿಸಿ ಬಂದರು, ಮಕ್ಕಳು ಬದುಕಿದರು. ಕ್ಯಾಪ್ಟನ್ ಮೇಲೆ ನರಹತ್ಯೆಯ ಆರೋಪ ಹೊರಿಸಲಾಯಿತು. ಆ ಸುದ್ದಿ ಓದಿದ ಭಾರತೀಯರೆಲ್ಲರ ಮನಸ್ಸು ಒಂದು ಕ್ಷಣ ತಮ್ಮ ಮನೆಯವರ ಕಡೆ ಹೋಗಿರುತ್ತದೆ.

ಫ್ಲಾರಿಡಾದಲ್ಲಿ ಇದಕ್ಕೆ ಕಾನೂನು ಇರಲಿಲ್ಲವೇ? ಇತ್ತು. ಹಿಂದಿನ ಸಾವುಗಳ ನಂತರ 2014ರಲ್ಲೇ ಬಂದಿತ್ತು. ಗಾಳಿ ಸತತವಾಗಿ ಗಂಟೆಗೆ 20 ಮೈಲಿ ದಾಟಿದರೆ, ಅಥವಾ ನಡುನಡುವೆ ರಭಸದಿಂದ ಬೀಸುವ ಗಾಳಿ 25 ಮೈಲಿ ಮೀರಿದರೆ ಯಾರನ್ನೂ ಹಾರಿಸುವಂತಿಲ್ಲ. ಏಳು ಮೈಲಿಯೊಳಗೆ ಸಿಡಿಲು ಇದ್ದರೂ ಇಲ್ಲ. ದೋಣಿಯಲ್ಲಿ ರೇಡಿಯೊ ಮತ್ತು ಹವಾಮಾನ ವರದಿ ನೋಡುವ ಸಾಧನ ಇರಬೇಕು, ಹವಾಮಾನವನ್ನು ಪುಸ್ತಕದಲ್ಲಿ ಬರೆದಿಡಬೇಕು. ಒಳ್ಳೆಯ ಕಾನೂನು. ಆದರೆ ಸಮುದ್ರದ ನಡುವೆ ಗಾಳಿ ಅಳೆದು ‘ಇವತ್ತು ಸಾಕು’ ಎನ್ನಬೇಕಾದವನು ಅದೇ ಕ್ಯಾಪ್ಟನ್. ಸಾಕು ಎಂದರೆ ಅವನ ಅವತ್ತಿನ ದುಡಿಮೆ ಹೋಗುತ್ತದೆ. ಸುರಕ್ಷತೆಯನ್ನೂ ಸಂಪಾದನೆಯನ್ನೂ ಒಬ್ಬನ ಕೈಯಲ್ಲೇ ಇಟ್ಟರೆ ಮಧ್ಯಾಹ್ನದ ಮೋಡ ಅವನಿಗೆ ಸ್ವಲ್ಪ ದೂರವೇ ಕಾಣುತ್ತದೆ. ಬೇಸಿಗೆಯಲ್ಲಿ ಆ ಕರಾವಳಿಗೆ ಮಧ್ಯಾಹ್ನದ ಗುಡುಗು ಮಳೆ ಮಾಮೂಲು. ನೀರಿನ ಆಟ ಆಡುವುದಿದ್ದರೆ ಬೆಳಿಗ್ಗೆಯೇ ಮುಗಿಸುವುದು ಒಳ್ಳೆಯದು.

ಹಾಗಂತ ಸರ್ಟಿಫಿಕೇಟ್ ಇದ್ದರೆ ಎಲ್ಲ ಕ್ಷೇಮ ಎಂದುಕೊಳ್ಳುವಂತಿಲ್ಲ. ‘ಕನ್ಸೆಪ್ಷನ್’ ಎಂಬ ಡೈವಿಂಗ್ ದೋಣಿಯನ್ನು ಕೋಸ್ಟ್ ಗಾರ್ಡ್ ಪರೀಕ್ಷಿಸಿತ್ತು. 2019ರ ಸೆಪ್ಟೆಂಬರ್ 2ರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಕ್ರೂಜ್ ದ್ವೀಪದ ಬಳಿ ಅದಕ್ಕೆ ಬೆಂಕಿ ಹತ್ತಿತು. ಕೆಳಗೆ ಮಲಗಿದ್ದ 34 ಜನ ಸತ್ತರು, ಅವರಲ್ಲಿ ಭಾರತೀಯ ದಂಪತಿಯೂ ಇದ್ದರು. ರಾತ್ರಿ ಕಾವಲಿಗೆ ಒಬ್ಬರು ಎಚ್ಚರವಿರಬೇಕು ಎಂಬ ನಿಯಮವಿತ್ತು, ಯಾರೂ ಇರಲಿಲ್ಲ. ಕ್ಯಾಪ್ಟನ್‌ಗೆ 2024ರಲ್ಲಿ ನಾಲ್ಕು ವರ್ಷ ಜೈಲಾಯಿತು. ಬೆಂಕಿ ಆರಿ ಕೆಲವೇ ದಿನಗಳಲ್ಲಿ ಮಾಲೀಕರು 1851ರ ಕಾನೂನು ಹಿಡಿದು ಕೋರ್ಟಿಗೆ ಹೋದರು. ಅಪಘಾತದ ನಂತರ ಹಡಗಿನ ಬೆಲೆ ಎಷ್ಟು ಉಳಿದಿದೆಯೋ ಅಷ್ಟಕ್ಕೇ ಮಾಲೀಕರ ಹೊಣೆ ಎನ್ನುತ್ತದೆ ಆ ಕಾನೂನು. ಸುಟ್ಟು ಮುಳುಗಿದ ದೋಣಿಯ ಬೆಲೆ ಸೊನ್ನೆ! ಸತ್ತವರ ಮನೆಯವರು ಹೋರಾಡಿ 2022ರ ಕೊನೆಯಲ್ಲಿ ಇದನ್ನು ಬದಲಿಸಿದರು. ಆದರೆ ಬದಲಾವಣೆ ಬಂದದ್ದು ಕಾನೂನು ‘ಸಣ್ಣ ಪ್ರಯಾಣಿಕ ಹಡಗು’ ಎಂದು ಕರೆಯುವವುಗಳಿಗೆ ಮಾತ್ರ. ಆರು ಜನರ ಬಾಡಿಗೆ ಬೋಟ್ ಆ ಹೆಸರಿನೊಳಗೆ ಬರುವುದಿಲ್ಲ. 12ರೊಳಗಿನ ನಿಜವಾದ ಬೇರ್‌ಬೋಟೂ ಬರುವುದಿಲ್ಲ. ರಜೆಗೆ ಹೋದ ಕುಟುಂಬಗಳು ಹೆಚ್ಚಾಗಿ ಹತ್ತುವುದು ಇವೇ ದೋಣಿಗಳನ್ನು.

ಈಗಿನ ಚರ್ಚೆ ಕಾವೇರಿರುವುದು ಯಾರು ನೋಡಿಕೊಳ್ಳಬೇಕು ಅನ್ನುವುದರಲ್ಲಿ. 2022ರ ಸೆಪ್ಟೆಂಬರ್‌ನಲ್ಲಿ ಬಿಸ್ಕೇನ್ ಕೊಲ್ಲಿಯಲ್ಲಿ ಬೋಟೊಂದು ನೀರಿನಲ್ಲಿ ನೆಟ್ಟ ಗುರುತು ಕಂಬಕ್ಕೆ ಬಡಿದು 17 ವರ್ಷದ ಹುಡುಗಿಯೊಬ್ಬಳು ಸತ್ತಳು. ಅವಳ ಹೆಸರಿನ ಕಾನೂನು 2025ರಲ್ಲಿ ಬಂತು, ಅಜಾಗರೂಕ ಬೋಟ್ ಚಾಲನೆಗೆ ಶಿಕ್ಷೆ ಹೆಚ್ಚಾಯಿತು. ಅದೇ ವರ್ಷ ಅದೇ ರಾಜ್ಯ ಇನ್ನೊಂದು ಕಾನೂನನ್ನೂ ಮಾಡಿತು. ಅದರ ಪ್ರಕಾರ ರಾಜ್ಯದ ಅಧಿಕಾರಿಗಳು ಸರಿಯಾದ ಕಾರಣವಿಲ್ಲದೆ, ಬರೀ ಸುರಕ್ಷತಾ ಸಾಮಾನು ನೋಡಲೆಂದು ದೋಣಿ ನಿಲ್ಲಿಸುವಂತಿಲ್ಲ. ಎರಡೂ ಜಾರಿಯಾದದ್ದು ಜುಲೈ 1ರಂದು. ಸುಮ್ಮಸುಮ್ಮನೆ ದೋಣಿ ತಡೆದು ತೊಂದರೆ ಕೊಡುತ್ತಾರೆ ಎಂಬ ಬೋಟ್ ಮಾಲೀಕರ ದೂರಿನಲ್ಲೂ ಸತ್ಯವಿರಬಹುದು. ಆದರೆ ಅಕ್ರಮ ಚಾರ್ಟರ್ ಹೊರಗಿನಿಂದ ನೋಡಿದರೆ ಮನೆಯವರ ಪಿಕ್‌ನಿಕ್ ತರಹವೇ ಕಾಣುತ್ತದೆ. ನಿಲ್ಲಿಸಿ ಕೇಳದೆ ಗೊತ್ತಾಗುವುದು ಹೇಗೆ? ಕೋಸ್ಟ್ ಗಾರ್ಡ್ ಫೆಡರಲ್ ಸಂಸ್ಥೆ, ಅದಕ್ಕೆ ಈ ಕಟ್ಟು ಇಲ್ಲ. ಹಾಗಾಗಿ ಭಾರವೆಲ್ಲ ಅದರ ಮೇಲೆ ಬಿದ್ದಿದೆ. ಶಿಕ್ಷೆ ಹೆಚ್ಚಿಸುವುದು ಸತ್ತ ಮೇಲಿನ ಕೆಲಸ. ತಪಾಸಣೆ ಸಾಯುವ ಮುಂಚಿನ ಕೆಲಸ. ಫ್ಲಾರಿಡಾ ಮೊದಲನೆಯದನ್ನು ಹೆಚ್ಚಿಸಿ ಎರಡನೆಯದನ್ನು ಸಡಿಲಿಸಿದ್ದು ತಪ್ಪು ಎಂದೇ ನನ್ನ ಅಭಿಪ್ರಾಯ.

ನಮ್ಮ ಕರಾವಳಿಯಲ್ಲಿ ತೊಡಕು ಬೇರೆ ರೀತಿಯದ್ದು. ಸೇಂಟ್ ಮೇರೀಸ್ ದ್ವೀಪಕ್ಕೋ ನೇತ್ರಾಣಿಗೋ ಹೋಗುವವರ ಕೈಗೆ ಬೇರ್‌ಬೋಟ್ ಒಪ್ಪಂದ ಯಾರೂ ಕೊಡುವುದಿಲ್ಲ. ಇಲ್ಲಿ ಮತ್ತೆ ತಲೆ ಲೆಕ್ಕವೇ ಕೈಕೊಡುತ್ತದೆ. 2019ರ ಜನವರಿ 21ರಂದು ಕಾರವಾರದಲ್ಲಿ ಕೂರ್ಮಗಡದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಮಿತಿ ಮೀರಿ ಜನ ತುಂಬಿದ ವಿಹಾರದ ದೋಣಿ ಮುಳುಗಿ 22 ಜನ ಸತ್ತರು, ಅವರಲ್ಲಿ ಮಕ್ಕಳೇ ಜಾಸ್ತಿ. ಪೆಲಿಕನ್ ದೋಣಿಗೆ 1951ರಲ್ಲಿ ಆದದ್ದೇ ಇದು.

ಮಯಾಮಿಗೆ ಹೋಗುವವರು ದುಡ್ಡು ಕಳಿಸುವ ಮುನ್ನ ಕೆಲವನ್ನು ಕೇಳಿಕೊಳ್ಳಬಹುದು, ಇದಕ್ಕೆ ಕಾನೂನು ಓದಿರಬೇಕಿಲ್ಲ. ನಾವು ಆರು ಜನಕ್ಕಿಂತ ಹೆಚ್ಚಿದ್ದೇವೆ, ದೋಣಿಗೆ ಕೋಸ್ಟ್ ಗಾರ್ಡ್ ಸರ್ಟಿಫಿಕೇಟ್ ಇದೆಯಾ, ಫೋಟೊ ಕಳಿಸಿ ಅನ್ನಿ. ಇರುವವರು ಅದನ್ನು ದೋಣಿಯಲ್ಲೇ ಎಲ್ಲರಿಗೂ ಕಾಣುವಂತೆ ಹಾಕಿರುತ್ತಾರೆ, ಕಳಿಸಲು ಅವರಿಗೆ ಎರಡು ನಿಮಿಷ ಸಾಕು. ಆರೇ ಜನ ಇದ್ದರೆ ಕ್ಯಾಪ್ಟನ್ನನ ಲೈಸನ್ಸ್ ಕೇಳಿ. ಬೇರ್‌ಬೋಟ್ ಎಂದರೆ ಕ್ಯಾಪ್ಟನ್ನನ್ನು ನಾವೇ ಬೇರೆ ಕಡೆಯಿಂದ ಕರೆತರುತ್ತೇವೆ ಎಂದು ಹೇಳಿ ನೋಡಿ. ಆಗುವುದಿಲ್ಲ ಎಂದರೆ ಅದು ಬೇರ್‌ಬೋಟ್ ಅಲ್ಲ.

ದೋಣಿ ಹತ್ತಿದ ಮೇಲೆ ಲೈಫ್ ಜಾಕೆಟ್ ಎಲ್ಲಿದೆ, ಹಾಕಿಕೊಳ್ಳುವುದು ಹೇಗೆ ಎಂದು ಕ್ಯಾಪ್ಟನ್ ಹೊರಡುವ ಮೊದಲೇ ಹೇಳಬೇಕು, ಅದು ನಿಯಮ. ಹೇಳದಿದ್ದರೆ ಕೇಳಿ. ಕೋಸ್ಟ್ ಗಾರ್ಡ್‌ನ 2023ರ ಲೆಕ್ಕದಲ್ಲಿ ಅಮೆರಿಕದ ಮೋಜಿನ ಬೋಟ್ ಅಪಘಾತಗಳಲ್ಲಿ 564 ಜನ ಸತ್ತಿದ್ದಾರೆ. ಸಾವಿನ ಕಾರಣ ಗೊತ್ತಾದವರಲ್ಲಿ ನಾಲ್ಕರಲ್ಲಿ ಮೂವರು ಮುಳುಗಿ ಸತ್ತವರು, ಮುಳುಗಿದವರಲ್ಲಿ ನೂರಕ್ಕೆ 87 ಜನ ಜಾಕೆಟ್ ಹಾಕಿರಲಿಲ್ಲ. ಫ್ಲಾರಿಡಾದಲ್ಲಿ 26 ಅಡಿಗಿಂತ ಸಣ್ಣ ದೋಣಿ ಚಲಿಸುವಾಗ ಆರು ವರ್ಷದೊಳಗಿನ ಮಕ್ಕಳಿಗೆ ಮಾತ್ರ ಜಾಕೆಟ್ ಹಾಕಿರುವುದು ಕಡ್ಡಾಯ. ಈಜು ಬಾರದ ಅಪ್ಪ ಅಮ್ಮನಿಗೆ ಯಾವ ಕಾನೂನೂ ಹಾಕಿಸುವುದಿಲ್ಲ, ನಾವೇ ಹಾಕಿಸಬೇಕು. ಸೆಕೆ ಅಂತಾರೆ, ಫೋಟೊ ಚೆನ್ನಾಗಿ ಬರಲ್ಲ ಅಂತಾರೆ, ಆದರೂ ಹಾಕಿಸಬೇಕು. ಈಜಲು ನಿಲ್ಲಿಸಿದಾಗ ಎಂಜಿನ್ ಆಫ್ ಆಗಿ ಕೀ ಹೊರಗೆ ಬರುವ ತನಕ ಒಬ್ಬರೂ ನೀರಿಗಿಳಿಯಬಾರದು. ಕೊನೆಯವರು ಮೇಲೆ ಬಂದು ತಲೆ ಎಣಿಸಿ ಮುಗಿಯುವ ತನಕ ಆ ಕೀ ಮತ್ತೆ ಹಾಕಬಾರದು. ಎಣಿಸುವ ಕೆಲಸವನ್ನು ಗುಂಪಿನಲ್ಲಿ ಒಬ್ಬರಿಗೆ ಮೊದಲೇ ವಹಿಸಿಬಿಡಿ.